ಪಾರಿಜಾತದ ಅಟ್ಟಕ್ಕೆ ಯಾವ ಮೈಕ್ ತಗೋಬೇಕು?

ಪ್ರಶ್ನೆ: ಸರ್, ನಮಸ್ಕಾರ. ಮುಧೋಳ ತಾಲೂಕಿನ ಹಳ್ಳಿ ನಮ್ಮದು. ಊರ ಜಾತ್ರೆಗೆ ಪ್ರತಿ ವರ್ಷ ಶ್ರೀಕೃಷ್ಣ ಪಾರಿಜಾತ ಆಡುತ್ತೇವೆ. ಅಟ್ಟ, ಅಂದರೆ ಆಟದ ವೇದಿಕೆ, 24 ಅಡಿ ಅಗಲ, 16 ಅಡಿ ಆಳ ಇದೆ. ಮುಂದಿನ ಅಡ್ಡಗಳಕ್ಕೆ ಕಟ್ಟಿ ಎರಡು ಮೈಕ್ ಇಳಿಬಿಡುತ್ತೇವೆ. ಹಾರ್ಮೋನಿಯಂಗೆ ಒಂದು ಮೈಕ್. ಹಿಮ್ಮೇಳದವರು ಹಿಂದೆ ನಿಲ್ಲುತ್ತಾರೆ, ಅವರಿಗೂ ಕೇಳಲಿ ಅಂತ ಅವರ ಬೆನ್ನ ಹಿಂದೆ ಒಂದು ಬಾಕ್ಸ್ ಇಟ್ಟಿದ್ದೇವೆ. ದೊಡ್ಡ ಬಾಕ್ಸ್ ಅಟ್ಟದ ಎರಡೂ ಮಗ್ಗುಲಿಗೆ ಇವೆ. ಸತ್ಯಭಾಮೆಯ ಹಾಡು ಹಿಂದೆ ಕೂತವರಿಗೆ ತಿಳಿಯುವುದೇ ಇಲ್ಲ. ಹಾರ್ಮೋನಿಯಂ, ತಬಲಾ, ಗೆಜ್ಜೆ ಮಾತ್ರ ಕೇಳುತ್ತವೆ. ಸೌಂಡ್ ಏರಿಸಿದರೆ ಮೈಕ್ ಕುಂಯ್ ಅನ್ನುತ್ತದೆ. ಈ ಸಲ ಊರಲ್ಲಿ ಪಟ್ಟಿ ಹಾಕಿ 60 ಸಾವಿರ ಕೂಡಿಸಿದ್ದೇವೆ. 8 ಕಾಲರ್ ಮೈಕ್ ಇರುವ ಕಾರ್ಡ್‌ಲೆಸ್ ಸೆಟ್ ತಗೊಳ್ಳಿ, ಎಲ್ಲ ಸರಿಹೋಗುತ್ತದೆ ಅಂತ ಒಬ್ಬ ಅಂಗಡಿಯವರು ಹೇಳುತ್ತಿದ್ದಾರೆ. ತಗೋಬಹುದಾ?

ಉತ್ತರ: ನಮಸ್ಕಾರ. ಆ ಎಂಟು ಕಾಲರ್ ಮೈಕಿನ ಸೆಟ್ ತಗೋಬೇಡಿ. ನಿಮ್ಮ ದುಡ್ಡೂ ಹೋಗುತ್ತದೆ, ಕುಂಯ್ ಅನ್ನುವುದೂ ನಿಲ್ಲುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಯಾಕೆ ಅನ್ನುವುದು ಗೊತ್ತಾದರೆ ಯಾವುದು ತಗೋಬೇಕು ಅನ್ನುವುದನ್ನು ನೀವೇ ಹೇಳುತ್ತೀರಿ.

ಒಳ್ಳೆಯ ಸಂಗತಿ ಏನೆಂದರೆ, ನೀವು ಅಟ್ಟದ ಅಳತೆ ಕೊಟ್ಟಿದ್ದೀರಿ, ಯಾವುದು ಎಲ್ಲಿದೆ ಅಂತಲೂ ಬರೆದಿದ್ದೀರಿ. ಬಹಳ ಜನ ಬರೀ ಮೈಕಿನ ಹೆಸರು ಕೇಳುತ್ತಾರೆ. ಮೈಕಿನ ಹೆಸರಿಗಿಂತ ಈ ಅಳತೆಗಳೇ ಮುಖ್ಯ.

ಜಾತ್ರೆಯ ಗದ್ದಲದಲ್ಲೂ ತಾಯಿಗೆ ತನ್ನ ಕೂಸಿನ ಅಳು ಬೇರೆಯಾಗಿ ಕೇಳುತ್ತದೆ. ಮೈಕಿಗೆ ಆ ಶಕ್ತಿ ಇಲ್ಲ. ಯಾವುದು ಹಾಡು, ಯಾವುದು ಗೆಜ್ಜೆ ಅಂತ ಅದು ಆರಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ದನಿ ಎಷ್ಟು ಹತ್ತಿರ ಇದೆ, ಯಾವ ದಿಕ್ಕಿನಿಂದ ಬರುತ್ತಿದೆ. ನಿಮ್ಮ ಅಟ್ಟದ ಎಲ್ಲ ತೊಂದರೆಯೂ ಈ ಎರಡರಿಂದಲೇ ಹುಟ್ಟಿದೆ.

ಮೊದಲು ದೂರ ನೋಡೋಣ. ಇಳಿಬಿಟ್ಟ ಮೈಕ್ ಅಟ್ಟದಿಂದ 8 ಅಡಿ ಮೇಲಿದೆ ಅಂತಿಟ್ಟುಕೊಳ್ಳಿ. ಸತ್ಯಭಾಮೆಯ ಬಾಯಿ 5 ಅಡಿ ಎತ್ತರದಲ್ಲಿರುತ್ತದೆ. ಆಕೆ ಒಂದೆರಡು ಹೆಜ್ಜೆ ಹಿಂದೆ ನಿಂತರೆ ಬಾಯಿಗೂ ಮೈಕಿಗೂ ಸುಮಾರು 4 ಅಡಿ ಅಂತರ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ (ದನಿಯ ಜೋರು ಅಳೆಯುವ ಮಾನ) ಇಳಿಯುತ್ತದೆ. ಬಾಯಿಂದ ಅರ್ಧ ಅಡಿ ದೂರದಲ್ಲಿ ಇರಬೇಕಾದ ಮೈಕ್ 4 ಅಡಿಗೆ ಹೋದರೆ ದೂರ ಮೂರು ಸಲ ಇಮ್ಮಡಿ ಆದಂತಾಯಿತು. ಅಂದರೆ 18 ಡೆಸಿಬೆಲ್ ನಷ್ಟ. ಇದನ್ನು ತುಂಬಿಕೊಳ್ಳಲು ಆಂಪ್ಲಿಫೈಯರ್ 60 ಪಟ್ಟಿಗೂ ಜಾಸ್ತಿ ಶಕ್ತಿ ಹಾಕಬೇಕು. ಹಾಗೆ ಏರಿಸಿದಾಗ ಬಾಕ್ಸಿನ ದನಿಯೂ ಅಷ್ಟೇ ಏರಿ ತಿರುಗಿ ಮೈಕಿಗೆ ಬರುತ್ತದೆ. ಮೈಕಿನಿಂದ ಬಾಕ್ಸಿಗೆ, ಬಾಕ್ಸಿನಿಂದ ಮತ್ತೆ ಮೈಕಿಗೆ ಅಂತ ಸುತ್ತು ಹೊಡೆಯಲು ಶುರುವಾಗುತ್ತದೆ. ನೀವು ಕೇಳುವ ಕುಂಯ್ ಅದೇ. ಎಷ್ಟು ದುಬಾರಿ ಮೈಕ್ ತಂದು ಅದೇ ಅಡ್ಡಗಳಕ್ಕೆ ಕಟ್ಟಿದರೂ ಹೀಗೇ ಆಗುತ್ತದೆ.

ಹಾರ್ಮೋನಿಯಂ ಯಾಕೆ ಮೇಲಾಗುತ್ತದೆ ಅನ್ನುವುದಕ್ಕೂ ಇದೇ ಕಾರಣ. ಅದಕ್ಕೆ ಹತ್ತಿರದಲ್ಲೇ ಒಂದು ಮೈಕ್ ಕೊಟ್ಟಿದ್ದೀರಿ. ಅದೂ ಅಲ್ಲದೆ ಅದರ ದನಿ ಇಳಿಬಿಟ್ಟ ಎರಡೂ ಮೈಕಿಗೆ ಹೋಗುತ್ತಿದೆ. ಮೂರು ಮೈಕ್ ಹಾರ್ಮೋನಿಯಂ ಕೇಳುತ್ತಿವೆ, ಸತ್ಯಭಾಮೆಯನ್ನು ಒಂದೂ ಸರಿಯಾಗಿ ಕೇಳುತ್ತಿಲ್ಲ.

ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಗಳು ವಾರಗಟ್ಟಲೆ ನಡೆಯುತ್ತವೆ. ಅಲ್ಲಿ ಇಳಿಬಿಟ್ಟ ಮೈಕಿನಲ್ಲೂ ಮಾತು ತಿಳಿಯುತ್ತದಲ್ಲ ಅಂತ ನೀವು ಕೇಳಬಹುದು. ಕಂಪನಿಯ ನಟರು ಮೈಕಿನ ಕೆಳಗೆ ಬಂದು, ಮುಖ ಎತ್ತಿ, ಎದೆಯಿಂದ ದನಿ ತೆಗೆದು ಮಾತು ಹೇಳುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ದಿನಾ ಅದೇ ಅಟ್ಟ, ಅದೇ ಮೈಕ್. ವರ್ಷಕ್ಕೊಮ್ಮೆ ಬಣ್ಣ ಹಚ್ಚುವ ನಿಮ್ಮ ಹುಡುಗರಿಂದ ಆ ಹದ ನಿರೀಕ್ಷಿಸುವುದು ನ್ಯಾಯವಲ್ಲ. ಮೇಲಾಗಿ ಪಾರಿಜಾತದಲ್ಲಿ ಹಾಡೂ ಇದೆ, ಕುಣಿತವೂ ಇದೆ, ನಡುನಡುವೆ ಸರಸರ ಓಡುವ ಮಾತೂ ಇದೆ.

ಈಗ ಕಾಲರ್ ಮೈಕ್ ವಿಷಯ. ದೂರವೇ ತೊಂದರೆ ಆದರೆ ಮೈಕನ್ನು ಮೈಮೇಲೆ ಸಿಗಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಕಾಲರ್ ಮೈಕ್ ಎದೆ ಮೇಲೆ ಇರುತ್ತದೆ, ಬಾಯಿಂದ ಒಂದು ಗೇಣು ಕೆಳಗೆ. ಅದರಲ್ಲಿ ಹೆಚ್ಚಿನವು ಎಲ್ಲ ದಿಕ್ಕಿನ ದನಿಯನ್ನೂ ಒಂದೇ ಸಮ ಹಿಡಿಯುವ ಜಾತಿಯವು. ಬಾಕ್ಸ್, ತಬಲಾ, ಪಕ್ಕದವರ ಗೆಜ್ಜೆ, ಎಲ್ಲ ಒಳಗೆ ಬರುತ್ತದೆ. ಕೂತು ಮಾತಾಡುವ ಟಿವಿ ಸ್ಟುಡಿಯೋಗೆ ಅದು ಚೆನ್ನ. ಅಲ್ಲಿ ಎದುರಿಗೆ ದೊಡ್ಡ ಬಾಕ್ಸ್ ಇರುವುದಿಲ್ಲ. ನಿಮ್ಮಲ್ಲಿ ಸತ್ಯಭಾಮೆಯ ಕೊರಳಲ್ಲಿ ಸರ, ಮೈಮೇಲೆ ಜರಿ ಸೀರೆ. ಒಂದೊಂದು ಹೆಜ್ಜೆಗೂ ಅವು ಮೈಕಿಗೆ ಉಜ್ಜುತ್ತವೆ. ಕೃಷ್ಣನ ಹಾರದ್ದೂ ಅದೇ ಕಥೆ.

ಎಂಟು ಅನ್ನುವ ಸಂಖ್ಯೆಯೇ ಇನ್ನೊಂದು ಕಂಟಕ. ಒಂದೇ ಹೊತ್ತಿಗೆ ತೆರೆದಿರುವ ಮೈಕ್ ಎರಡು ಪಟ್ಟಾದಂತೆ, ಕುಂಯ್ ಅನ್ನುವ ಕೂಗು ಬಾರದೆ ಏರಿಸಬಹುದಾದ ಸೌಂಡ್ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು. ಒಟ್ಟು 9 ಡೆಸಿಬೆಲ್ ಕೈಬಿಟ್ಟಿತು. ಅಟ್ಟದ ಮೇಲೆ ಮಾತಾಡುವವರು ಒಂದು ಹೊತ್ತಿಗೆ ಇಬ್ಬರೋ ಮೂವರೋ. ಉಳಿದ ಐದು ಮೈಕ್ ಸುಮ್ನೆ ತೆರೆದುಕೊಂಡು ಗದ್ದಲ ನುಂಗುತ್ತಿರುತ್ತವೆ.

ಇನ್ನು ದಿಕ್ಕು. ಅಟ್ಟಕ್ಕೆ ಬೇಕಾದ ಮೈಕ್ ಅಂದರೆ ಕಾರ್ಡಿಯಾಯ್ಡ್ ಜಾತಿಯದು. ಅದು ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಪಕ್ಕದ್ದನ್ನು ಸ್ವಲ್ಪ ಕಡಿಮೆ, ನೇರ ಬೆನ್ನ ಹಿಂದಿನದನ್ನು ತೀರಾ ಕಡಿಮೆ. ಆ ಬೆನ್ನಿನ ಕಡೆಯೇ ನಿಮ್ಮ ಆಸ್ತಿ. ಬಾಕ್ಸ್ ಎಲ್ಲಿದೆಯೋ ಅಲ್ಲಿಗೆ ಮೈಕಿನ ಬೆನ್ನು ತಿರುಗಿರಬೇಕು. ಸೂಪರ್‌ಕಾರ್ಡಿಯಾಯ್ಡ್ ಅಂತ ಇನ್ನೊಂದು ಜಾತಿ ಇದೆ. ಅದರ ಮುಂದಿನ ಹಿಡಿತ ಇನ್ನೂ ಕಿರಿದು. ಆದರೆ ಅದಕ್ಕೆ ಬೆನ್ನ ಹಿಂದೆ ಸ್ವಲ್ಪ ಕೇಳುತ್ತದೆ. ತೀರಾ ಕಿವುಡಾಗಿರುವುದು ಮುಂದಿನಿಂದ ಎಣಿಸಿದರೆ 125 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ಹಿಂಭಾಗದ ಎರಡು ಓರೆ ಮೂಲೆಗಳಲ್ಲಿ. ಅದನ್ನು ತಗೊಂಡು ಬಾಕ್ಸನ್ನು ನೇರ ಹಿಂದೆ ಇಟ್ಟರೆ ಕೆಲಸ ಕೆಡುತ್ತದೆ. ಹಳ್ಳಿ ಅಟ್ಟದ ಮೇಲೆ ಬಾಕ್ಸ್ ಇಡುವ ಜಾಗ ಪ್ರತಿ ಸಲ ಬದಲಾಗುತ್ತದೆ. ಆದ್ದರಿಂದ ನಿಮಗೆ ಸಾದಾ ಕಾರ್ಡಿಯಾಯ್ಡೇ ಸಾಕು.

ಇದನ್ನು ತಿಳಿದುಕೊಂಡು ನಿಮ್ಮ ಅಟ್ಟ ನೋಡಿ. ಹಿಮ್ಮೇಳದ ಬೆನ್ನ ಹಿಂದೆ ಇಟ್ಟ ಬಾಕ್ಸ್ ಮುಂದಕ್ಕೆ ಮುಖ ಮಾಡಿದೆ. ಅದು ಹಿಮ್ಮೇಳದವರ ಮೂಲಕ ಹಾದು, ನಟರ ಮೂಲಕ ಹಾದು, ನೇರ ಮುಂದಿನ ಮೈಕುಗಳಿಗೆ ದನಿ ಹೊಡೆಯುತ್ತಿದೆ. ನಿಮ್ಮ ಕೂಗಿನ ಮುಖ್ಯ ಅಪರಾಧಿ ಅದೇ ಅಂತ ನನ್ನ ನಂಬಿಕೆ. ಇವತ್ತೇ ಅದನ್ನು ಅಲ್ಲಿಂದ ತೆಗೆಯಿರಿ. ಅಟ್ಟದ ಮುಂಚೂಣಿಯಲ್ಲಿ ನೆಲದ ಮೇಲೆ, ನಟರ ಕಡೆಗೆ ಮೇಲ್ಮುಖವಾಗಿ ಓರೆ ಇಡಿ. ಮಗ್ಗುಲಿನ ದೊಡ್ಡ ಬಾಕ್ಸುಗಳನ್ನು ಅಟ್ಟದ ಅಂಚಿನಿಂದ ಐದಾರು ಅಡಿ ಮುಂದಕ್ಕೆ, ಸ್ವಲ್ಪ ಹೊರಕ್ಕೆ ಸರಿಸಿ. ಆಳೆತ್ತರಕ್ಕಿಂತ ಮೇಲೆ ಇರಲಿ, ಇಲ್ಲದಿದ್ದರೆ ಮುಂದೆ ಕೂತವರ ಕಿವಿ ಒಡೆಯುತ್ತದೆ, ಹಿಂದಿನವರಿಗೆ ಏನೂ ಮುಟ್ಟುವುದಿಲ್ಲ. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಊರ ನಡುವೆ ಕಂಬಗಳಿಗೆ ಹಾರ್ನ್ ಕಟ್ಟಿದ್ದರೆ ಪ್ರೇಕ್ಷಕರಿಗೆ ಕೇಳಿಸುವಷ್ಟು ಹತ್ತಿರ ಇರುವವನ್ನು ಬಂದ್ ಮಾಡಿ. 100 ಮೀಟರ್ ದೂರದ ಹಾರ್ನಿನ ದನಿ ಅಟ್ಟದ ಮುಂದೆ ಬರಲು ಸುಮಾರು 0.3 ಸೆಕೆಂಡ್ ಬೇಕು. ಒಂದೊಂದು ಮಾತೂ ಎರಡೆರಡು ಸಲ ಕೇಳಿ ಅರ್ಥವೇ ಕೆಡುತ್ತದೆ.

ಈಗ ಖರೀದಿ. ಮೊದಲು ಡೈನಾಮಿಕ್ ಬೇಕಾ, ಕಂಡೆನ್ಸರ್ ಬೇಕಾ ಅನ್ನುವುದನ್ನು ಬೇಗ ಮುಗಿಸೋಣ. ಕೈಯಲ್ಲಿ ಹಿಡಿಯುವ, ಸ್ಟ್ಯಾಂಡಿಗೆ ಹಾಕುವ ಮೈಕೆಲ್ಲ ಡೈನಾಮಿಕ್ ಇರಲಿ. ಅದರೊಳಗೆ ತೆಳು ಪರದೆಗೆ ಅಂಟಿದ ತಂತಿ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟಿಸುತ್ತದೆ. ಹೊರಗಿನ ಕರೆಂಟ್ ಬೇಡ. ಧೂಳು, ಸೆಕೆ, ಕೈಜಾರಿ ಬೀಳುವುದು, ಎಲ್ಲ ತಡೆಯುತ್ತದೆ. ಕಂಡೆನ್ಸರಿಗೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡಬೇಕು, ನಮ್ಮ ಕಡೆಯ ಹಳೆಯ ಆಂಪ್ಲಿಫೈಯರುಗಳಲ್ಲಿ ಅದು ಇರುವುದೇ ಅಪರೂಪ. ದೂರದ ಸಣ್ಣ ದನಿಯನ್ನೂ ಅದು ಸೂಕ್ಷ್ಮವಾಗಿ ಹಿಡಿಯುತ್ತದೆ. ರೆಕಾರ್ಡಿಂಗಿಗೆ ಅದು ಗುಣ, ಜಾತ್ರೆಯ ಅಟ್ಟಕ್ಕೆ ಅದೇ ದೋಷ.

ಹಾಡಿನ ಮೈಕುಗಳಲ್ಲಿ ಶೂರ್ ಕಂಪನಿಯ ಎಸ್‌ಎಂ58 ಹೆಸರು ನೀವು ಕೇಳಿರುತ್ತೀರಿ. 1966ರಲ್ಲಿ ಬಂದದ್ದು, ಈಗಲೂ ಮಾರುಕಟ್ಟೆಯಲ್ಲಿದೆ. ಇದು ಕಾರ್ಡಿಯಾಯ್ಡ್ ಡೈನಾಮಿಕ್. ಬೆಲೆ ಹತ್ತು ಸಾವಿರದ ಆಸುಪಾಸು. ಇದರಲ್ಲಿ ಮಾತಿನ ವ್ಯಂಜನಗಳು ಇರುವ ಭಾಗ ಸ್ವಲ್ಪ ಎದ್ದು ಕೇಳುವಂತೆ ಮಾಡಿದ್ದಾರೆ, ಕೆಳಗಿನ ಗುಡುಗುಡು ದನಿ ತಾನಾಗಿ ಇಳಿಯುತ್ತದೆ. ಪಾರಿಜಾತದಂಥ ಮಾತು ಮತ್ತು ಹಾಡಿನ ಆಟಕ್ಕೆ ಇದು ಹೇಳಿ ಮಾಡಿಸಿದ ಗುಣ. ನಕಲಿ ಎಸ್‌ಎಂ58 ಬಹಳ ಇವೆ, ಎಚ್ಚರ. ಅಸಲಿ ಮೈಕ್ ಸುಮಾರು 300 ಗ್ರಾಂ ತೂಗುತ್ತದೆ, ನಕಲಿ ಹೆಚ್ಚಾಗಿ ಹಗುರ. ಎರಡು ಮೂರು ಸಾವಿರಕ್ಕೆ ಯಾರಾದರೂ ಅದನ್ನು ಕೊಡುತ್ತೇನೆ ಅಂದರೆ ಅದು ಅಸಲಿ ಅಲ್ಲ. ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ, ಕಂಪನಿಯ ಅಧಿಕೃತ ಅಂಗಡಿಯಲ್ಲಿ ಬಿಲ್ ಸಮೇತ ತಗೊಳ್ಳಿ. ಸ್ವಿಚ್ ಇಲ್ಲದ್ದನ್ನೇ ಕೇಳಿ. ಸ್ವಿಚ್ ಇದ್ದರೆ ಯಾರೋ ಕೈ ತಾಗಿಸಿ ಬಂದ್ ಮಾಡುತ್ತಾರೆ, ನಡು ಹಾಡಿನಲ್ಲಿ ದನಿ ಹೋಗುತ್ತದೆ.

ಇಂಥವು ಎರಡು ಸಾಕು. ಅಟ್ಟದ ಮುಂದೆ ಎಡಕ್ಕೊಂದು, ಬಲಕ್ಕೊಂದು. ನಡುವೆ ನಿಮ್ಮ ಹತ್ತಿರ ಇರುವ ಹಳೆಯ ಮೈಕುಗಳಲ್ಲಿ ಚೆನ್ನಾಗಿರುವ ಒಂದನ್ನು ಅಡ್ಡಗಳದಿಂದ ಇಳಿಸಿ ಸ್ಟ್ಯಾಂಡಿಗೆ ಹಾಕಿ. ಮೈಕ್ ಗದ್ದದ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ, ಓರೆಯಾಗಿ ಬಾಯಿಯ ಕಡೆ ಮುಖ ಎತ್ತಿರಲಿ. ಆಗ ನಟರ ಮುಖ ಮರೆಯಾಗುವುದಿಲ್ಲ. ಮೈಕಿನ ಬೆನ್ನು ಅಟ್ಟದ ಮುಂದಿನ ನೆಲದ ಕಡೆ ತಿರುಗುತ್ತದೆ, ನಾವು ಈಗ ತಾನೇ ಸಣ್ಣ ಬಾಕ್ಸ್ ಸರಿಸಿ ಇಟ್ಟ ಜಾಗಕ್ಕೇ. ಹಲಗೆ ಅಟ್ಟ ಆದರೆ ಕುಣಿತದ ಧಡಧಡ ಸ್ಟ್ಯಾಂಡಿನ ಕಾಲಿನ ಮೂಲಕ ಮೈಕಿಗೆ ಏರುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಚಾಪೆ ತುಂಡು ಹಾಕಿ. ನೆಲದ ಮೇಲೆ ಚಪ್ಪಟೆಯಾಗಿ ಇಡುವ ಬೌಂಡರಿ ಮೈಕ್ ಬೇಡವೇ ಬೇಡ, ಅದಕ್ಕೆ ಮಾತಿಗಿಂತ ಮೊದಲು ಗೆಜ್ಜೆ ಕೇಳುತ್ತದೆ.

ಇಂಥ ಮೈಕಿಗೆ ತೀರಾ ಹತ್ತಿರ ಬಂದರೆ ದನಿಯ ಕೆಳಭಾಗ ಉಬ್ಬುತ್ತದೆ. ಗಂಡು ದನಿ ಮಂಕಾಗಿ, ಗುಂಯ್‌ಗುಟ್ಟಿ ಕೇಳುತ್ತದೆ. ಕೃಷ್ಣನ ಪಾತ್ರಧಾರಿಗೆ ಒಂದು ಮೊಳ ಬೇಡ, ಬಾಯಿ ತಾಗಿಸುವುದೂ ಬೇಡ, ನಾಲ್ಕೈದು ಬೆರಳಿನಿಂದ ಒಂದು ಗೇಣಿನವರೆಗಿನ ಅಂತರ ಇರಲಿ ಅಂತ ಹೇಳಿಕೊಡಿ. ಮಿಕ್ಸರಿನಲ್ಲಿ ಲೋ ಕಟ್ ಗುಂಡಿ ಇದ್ದರೆ ಎಲ್ಲ ಮಾತಿನ ಮೈಕಿಗೂ ಒತ್ತಿಬಿಡಿ. ಗಾಳಿಯ ಬುಸ್ ಬುಸ್, ಅಟ್ಟದ ಧಡಧಡ ಎರಡೂ ಇಳಿಯುತ್ತವೆ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವ ಚಟ ಕೆಲವರಿಗೆ ಇರುತ್ತದೆ. ಹಾಗೆ ಹಿಡಿದರೆ ಕಾರ್ಡಿಯಾಯ್ಡ್ ಗುಣವೇ ಹೋಗಿ ಮೈಕ್ ಎಲ್ಲ ದಿಕ್ಕಿಗೂ ಕಿವಿ ತೆರೆಯುತ್ತದೆ, ಕೂಡಲೇ ಕೂಗುತ್ತದೆ.

ಮುಂದಿನದು ಹೆಡ್‌ಸೆಟ್, ಅಂದರೆ ಕಿವಿಗೆ ಸಿಗಿಸಿ ಬಾಯಿಯ ಮೂಲೆಗೆ ಬರುವ ಕಾರ್ಡ್‌ಲೆಸ್ ಮೈಕ್. ಇದು ಕಾಲರಿನ ಹಾಗಲ್ಲ. ತುಟಿಯ ಮೂಲೆಯಿಂದ ಎರಡು ಬೆರಳು ದೂರದಲ್ಲಿರುತ್ತದೆ, ತಲೆ ತಿರುಗಿದರೂ ದೂರ ಬದಲಾಗುವುದಿಲ್ಲ. ನಿಮ್ಮ ದುಡ್ಡಿನಲ್ಲಿ ಒಳ್ಳೆಯದು ಒಂದೇ ಬರುತ್ತದೆ, 25 ಸಾವಿರ ಅದಕ್ಕೇ ತೆಗೆದಿಡಿ. ಅಗ್ಗದ್ದು ಎರಡು ತರುವ ಆಸೆ ಬೇಡ.

ಆ ಒಂದನ್ನು ಯಾರಿಗೆ ಕೊಡುತ್ತೀರಿ? ಸತ್ಯಭಾಮೆಗೆ ಅಂತ ಎಲ್ಲರೂ ಅನ್ನುತ್ತಾರೆ. ನಾನು ದೂತಿಗೆ ಕೊಡಿ ಅನ್ನುತ್ತೇನೆ. ಸತ್ಯಭಾಮೆ ಹಾಡುವಾಗ ಮುಂದೆ ಬಂದು ಒಂದು ಕಡೆ ನಿಲ್ಲಬಹುದು, ಅಲ್ಲಿ ಸ್ಟ್ಯಾಂಡಿನ ಮೈಕ್ ಇದೆ. ಕುಣಿಯುವಾಗ ಆಕೆ ಹಾಡಬೇಕಿಲ್ಲ, ಹಿಮ್ಮೇಳ ಎತ್ತಿಕೊಳ್ಳುತ್ತದೆ. ದೂತಿ ಹಾಗಲ್ಲ. ಕೃಷ್ಣನ ಹತ್ತಿರ ಓಡಬೇಕು, ಸತ್ಯಭಾಮೆಯ ಹತ್ತಿರ ಬರಬೇಕು, ತಿರುಗಿ ಜನರಿಗೆ ಮಾತು ಹಾರಿಸಬೇಕು. ಜನ ನಗುವುದೂ, ಕಥೆ ಮುಂದೆ ಸಾಗುವುದೂ ಆ ಮಾತಿನಿಂದಲೇ. ಅದರಲ್ಲಿ ಒಂದು ಶಬ್ದ ತಪ್ಪಿದರೂ ನಗು ತಪ್ಪುತ್ತದೆ. ಕೌಜಲಗಿ ನಿಂಗಮ್ಮನವರಂಥವರು ಊರೂರಿಗೆ ಒಯ್ದ ಆಟ ಇದು. ಇದರ ಅರ್ಧ ಜೀವ ಮಾತಿನಲ್ಲಿದೆ. ಸತ್ಯಭಾಮೆಯ ಪಾತ್ರ ಮಾಡುವವರಿಗೆ ಬೇಜಾರಾದರೆ ಒಂದು ರಾತ್ರಿ ಇಬ್ಬರನ್ನೂ ನಿಲ್ಲಿಸಿ, ಕೊನೆಯ ಸಾಲಿನಲ್ಲಿ ಕೂತು ಕೇಳಿಸಿ ನೋಡಿ, ಅವರೇ ಒಪ್ಪುತ್ತಾರೆ. ಮುಂದಿನ ವರ್ಷ ದುಡ್ಡು ಕೂಡಿದರೆ ಎರಡನೆಯದು ಅವರಿಗೆ.

ಕಾರ್ಡ್‌ಲೆಸ್ ಕೊಳ್ಳುವಾಗ ಒಂದು ಮಾತು ಗಟ್ಟಿಯಾಗಿ ಕೇಳಬೇಕು: ಇದು ಯಾವ ಫ್ರೀಕ್ವೆನ್ಸಿ? ಅಗ್ಗದ ಹಲವು ಸೆಟ್ಟುಗಳು 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ವೈಫೈ, ಬ್ಲೂಟೂತ್ ಎಲ್ಲ ಓಡುವುದೂ ಅಲ್ಲೇ. ಮಧ್ಯಾಹ್ನ ಖಾಲಿ ಅಟ್ಟದಲ್ಲಿ ಪರೀಕ್ಷೆ ಮಾಡಿದರೆ ಚೆನ್ನಾಗಿ ಕೇಳುತ್ತದೆ. ರಾತ್ರಿ ಸಾವಿರ ಜನ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಬಂದು ಕೂತ ಮೇಲೆ ದನಿ ಕತ್ತರಿಸಿ ಕತ್ತರಿಸಿ ಬರುತ್ತದೆ. ಯುಎಚ್‌ಎಫ್, ಅಂದರೆ ಇದಕ್ಕಿಂತ ಕೆಳಗಿನ ಫ್ರೀಕ್ವೆನ್ಸಿಯ ಸೆಟ್ ಕೇಳಿ, ಫ್ರೀಕ್ವೆನ್ಸಿ ಬದಲಿಸಲು ಬರಬೇಕು, ರಿಸೀವರಿಗೆ ಎರಡು ಆಂಟೆನಾ ಇದ್ದು ಯಾವುದು ಚೆನ್ನಾಗಿ ಹಿಡಿಯುತ್ತದೋ ಅದಕ್ಕೆ ತಾನೇ ಬದಲಾಗುವಂಥದ್ದಾಗಿರಬೇಕು. ಅದರಲ್ಲೂ 700 ಮೆಗಾಹರ್ಟ್ಸ್ ಸುತ್ತಿನದು ಬೇಡ. ಆ ಭಾಗ 2022ರ ಹರಾಜಿನಲ್ಲಿ ಮೊಬೈಲ್ ಕಂಪನಿಗೆ ಹೋಗಿದೆ. ಹಳೆಯ ಸೆಟ್ಟುಗಳನ್ನು ಕಡಿಮೆ ಬೆಲೆಗೆ ದಾಟಿಸಲು ನೋಡುವವರು ಇರುತ್ತಾರೆ, ಪೆಟ್ಟಿಗೆಯ ಮೇಲಿನ ಅಂಕಿ ಓದಿ ತಗೊಳ್ಳಿ.

ರಿಸೀವರನ್ನು ಅಟ್ಟದ ಕೆಳಗೆ, ತಗಡಿನ ಹಿಂದೆ ಇಡಬೇಡಿ. ಮನುಷ್ಯರ ಮೈ ಈ ಅಲೆಗಳನ್ನು ಹೀರುತ್ತದೆ. ಜನರ ತಲೆಗಿಂತ ಎತ್ತರದಲ್ಲಿ, ದೂತಿ ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಆಟ ಬಹಳ ಹೊತ್ತು ನಡೆಯುವುದಾದರೆ ನಡುವೆ ದೂತಿ ಒಳಗೆ ಬಂದಾಗ ಬ್ಯಾಟರಿ ಬದಲಿಸಿ, ಇನ್ನೂ ಇದೆ ಅಂತ ಕಾಣಿಸಿದರೂ ಬದಲಿಸಿ. ಬೆವರು ಮೈಕಿನ ದೊಡ್ಡ ಶತ್ರು. ಕಡ್ಡಿಯನ್ನು ಕೆನ್ನೆಗೆ ಮೆಡಿಕಲ್ ಟೇಪಿನಿಂದ ಅಂಟಿಸಿ, ತುದಿಯ ಸ್ಪಂಜು ತೆಗೆಯಬೇಡಿ, ಸೊಂಟದ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಬಣ್ಣ ಹಚ್ಚಿದ ಮೇಲೆ ಮೈಕ್, ಮೈಕ್ ಆದ ಮೇಲೆ ಸವರಿ ಕೂದಲು ಅಥವಾ ಪಗಡಿ.

ಹಿಮ್ಮೇಳಕ್ಕೆ ಹೊಸ ಮೈಕ್ ಒಂದೂ ಬೇಡ. ತಾಳಕ್ಕೆ ಮೈಕ್ ಎಂದಿಗೂ ಬೇಡ, ಅದು ಎಲ್ಲ ಮೈಕಿಗೂ ತಾನೇ ಹೋಗುತ್ತದೆ. ಹಾರ್ಮೋನಿಯಂ ಮತ್ತು ಹಾಡು ಎತ್ತಿಕೊಳ್ಳುವವರಿಗೆ ಈಗಿನ ಹಳೆಯ ಮೈಕುಗಳೇ ಆಗುತ್ತವೆ. ಹಾರ್ಮೋನಿಯಂ ಮೈಕನ್ನು ಬೆರಳಿನಿಂದ ಒತ್ತುವ ಮನೆಗಳ (ಕೀಗಳ) ಮೇಲ್ಭಾಗದಿಂದ ಒಂದು ಗೇಣು ಎತ್ತರದಲ್ಲಿ ಓರೆಯಾಗಿಡಿ, ತಿದಿಯ ಎದುರಿಗೆ ಬೇಡ, ಗಾಳಿಯ ಸದ್ದು ಬರುತ್ತದೆ. ತಬಲಾಕ್ಕೆ ಮೈಕ್ ಬೇಕೇ ಬೇಕು ಅಂತ ಬಾರಿಸುವವರು ಹೇಳುತ್ತಾರೆ. ಮೊದಲು ಇಲ್ಲದೆ ಒಂದು ಹಾಡು ಆಡಿಸಿ ಹಿಂದೆ ಕೂತು ಕೇಳಿ. ನಿಮ್ಮ ಅಳತೆಯ ಅಟ್ಟದಲ್ಲಿ ಬಹುಶಃ ಬೇಕಾಗುವುದಿಲ್ಲ. ಹಿಮ್ಮೇಳವನ್ನು ಹಿಂದಿನ ನಡುವಿನಿಂದ ಒಂದು ಮಗ್ಗುಲಿಗೆ ಸರಿಸಲು ನಿಮ್ಮ ಸಂಪ್ರದಾಯ ಒಪ್ಪಿದರೆ ಇನ್ನೂ ಒಳ್ಳೆಯದು. ಒಪ್ಪದಿದ್ದರೆ ಬಲವಂತ ಬೇಡ. ಆಟದ ರೀತಿ ಮೊದಲು, ಮೈಕ್ ಆಮೇಲೆ.

ಇಲ್ಲಿಗೆ 45 ಸಾವಿರ ಆಯಿತು. ಉಳಿದ 15 ಸಾವಿರ ವೈರಿಗೆ, ಸ್ಟ್ಯಾಂಡಿಗೆ, ಸ್ಪಂಜಿನ ಟೋಪಿಗೆ, ಬ್ಯಾಟರಿಗೆ. ಇದರಲ್ಲಿ ಜಿಪುಣತನ ಮಾಡಬೇಡಿ. ಮೈಕಿನಿಂದ ಮಿಕ್ಸರಿನವರೆಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರೇ ಇರಲಿ. ಅದರಲ್ಲಿ ದನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ಉಲ್ಟಾ ಹೋಗಿ, ದಾರಿಯಲ್ಲಿ ಸೇರಿದ ಹಮ್ (ಕರೆಂಟಿನ ಗುಂಯ್ ಸದ್ದು) ಕೊನೆಯಲ್ಲಿ ರದ್ದಾಗುತ್ತದೆ. ಒಂದು ಕಡೆ ಸಾದಾ ಜಾಕ್ ಹಾಕಿದರೆ ಆ ಲಾಭ ಇಲ್ಲ. ಹತ್ತಿಪ್ಪತ್ತು ಮೀಟರ್ ಎಳೆದರೆ ಸೀರಿಯಲ್ ಸೆಟ್ ಲೈಟಿನ ಗುಂಯ್ ಎಲ್ಲ ಒಳಗೆ ಬರುತ್ತದೆ. ಬೆಸುಗೆ ನೀವೇ ಹಾಕಿಸುವುದಾದರೆ ಎಲ್ಲ ವೈರಿನಲ್ಲೂ ಒಂದನೇ ಪಿನ್ನಿಗೆ ಜಾಲರಿ, ಎರಡು ಮತ್ತು ಮೂರಕ್ಕೆ ಒಳತಂತಿ, ಎರಡೂ ತುದಿಯಲ್ಲಿ ಅದೇ ಕ್ರಮ. ಒಂದು ವೈರಿನಲ್ಲಿ ಎರಡು ಮತ್ತು ಮೂರು ಅದಲು ಬದಲಾದರೆ ಪಕ್ಕಪಕ್ಕದ ಎರಡು ಮೈಕ್ ಒಂದರ ದನಿಯನ್ನು ಇನ್ನೊಂದು ತಿನ್ನುತ್ತವೆ. ಕರೆಂಟ್ ವೈರ್ ಜೊತೆ ಮೈಕ್ ವೈರ್ ಸುತ್ತಿ ಕಟ್ಟಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೈಕಿನಿಂದ ಶಾಕ್ ಹೊಡೆಯುವುದು. ಸ್ಟ್ಯಾಂಡಿನ ಮೈಕಿಗೆ ತುಟಿ ತಾಗಿದಾಗ ಚುರ್ ಅನ್ನಿಸಿದರೆ ನಗಬೇಡಿ, ಆಟ ನಿಲ್ಲಿಸಿ. ಎಲ್ಲೋ ಅರ್ಥಿಂಗ್ ಇಲ್ಲ ಅಥವಾ ಆಂಪ್ಲಿಫೈಯರಿನ ಮೈಗೆ ಕರೆಂಟ್ ಇಳಿದಿದೆ ಅಂತ ಅರ್ಥ. ಹಮ್ ಕಡಿಮೆ ಆಗಲಿ ಅಂತ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. ಜೀವಕ್ಕೆ ಎರವಾಗುವ ಕೆಲಸ ಅದು. ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ ಅಟ್ಟದ ಹತ್ತಿರ ಸರಿಯಾದ ಅರ್ಥಿಂಗ್ ಮಾಡಿಸಿ, ಸೌಂಡ್ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಜನರೇಟರ್ ಇಡುವುದಾದರೆ ಅದರ ಅರ್ಥಿಂಗನ್ನೂ ಅವರಿಂದಲೇ ನೋಡಿಸಿ. ಮಳೆ ಹನಿ ಬಿದ್ದು ಅಟ್ಟ ಒದ್ದೆಯಾಗಿದ್ದರೆ, ಬರಿಗಾಲಿನಲ್ಲಿ ಕುಣಿಯುವ ಹುಡುಗರು ನಿಮ್ಮವರು ಅನ್ನುವುದು ನೆನಪಿರಲಿ. ಮೈಕಿನ ದುಡ್ಡು ಕಡಿಮೆ ಬಿದ್ದರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಮಿಕ್ಸರಿಗೆ ಯಾರು ಕೂಡುತ್ತಾರೆ? ಬಾಡಿಗೆ ಸೌಂಡಿನ ಹುಡುಗ ಒಬ್ಬನೇ ಅಂತಾದರೆ ಸಾಲದು. ಅವನಿಗೆ ಯಂತ್ರ ಗೊತ್ತು, ಆಟ ಗೊತ್ತಿಲ್ಲ. ನಿಮ್ಮೂರಲ್ಲಿ ಪಾರಿಜಾತ ಪೂರ್ತಿ ಬಾಯಿಪಾಠ ಇರುವ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಆ ಹುಡುಗನ ಪಕ್ಕ ಕೂರಿಸಿ. ಮುಂದೆ ಯಾರು ಹಾಡುತ್ತಾರೆ, ಯಾರು ಸುಮ್ಮನಾಗುತ್ತಾರೆ ಅಂತ ಅವರು ಮುಂಚೆಯೇ ಹೇಳಲಿ, ಇವನು ಬೇಡದ ಮೈಕ್ ಇಳಿಸಲಿ. ನಾಲ್ಕು ತೆರೆದಿದ್ದ ಕಡೆ ಎರಡೇ ತೆರೆದರೆ 3 ಡೆಸಿಬೆಲ್ ವಾಪಸ್ ಸಿಗುತ್ತದೆ. ಎಕೋ ಗುಂಡಿ ಹಾಡಿಗೆ ಸ್ವಲ್ಪ ಇರಲಿ, ಮಾತು ಶುರುವಾದ ಕೂಡಲೇ ಸೊನ್ನೆಗೆ ಬರಲಿ. ಅದೂ ಅವರಿಗೇ ಗೊತ್ತಾಗುವ ಹೊತ್ತು.

ಪರೀಕ್ಷೆ ಹಗಲಲ್ಲಿ ಅಂಗಡಿಯೊಳಗೆ ಬೇಡ. ಕೊಳ್ಳುವ ಮುಂಚೆ ಒಂದು ಸಂಜೆ ಮೈಕ್ ಬಾಡಿಗೆಗೆ ತಂದು ನಿಮ್ಮ ಅಟ್ಟದಲ್ಲೇ ಹಾಕಿ. ಹಲೋ, ಒನ್, ಟೂ, ತ್ರೀ ಅಂದರೆ ಏನೂ ತಿಳಿಯುವುದಿಲ್ಲ. ಸತ್ಯಭಾಮೆಯ ಒಂದು ಪೂರ್ತಿ ಹಾಡು, ದೂತಿಯ ಒಂದು ಪೂರ್ತಿ ಮಾತು ಆಡಿಸಿ. ಸೌಂಡ್ ಮೆಲ್ಲಗೆ ಏರಿಸುತ್ತಾ ಹೋಗಿ, ಕುಂಯ್ ಅನ್ನಲು ಶುರುವಾದ ಕಡೆಯಿಂದ 6 ಡೆಸಿಬೆಲ್ ಇಳಿಸಿ ಅಲ್ಲೇ ನಿಲ್ಲಿಸಿ. ಆಮೇಲೆ ಆಟ ಒಂದೂ ನೋಡದ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ದೂತಿ ಏನು ಹೇಳಿದಳು ಅಂತ ಕೇಳಿ. ನಿಮಗೆಲ್ಲ ಮಾತು ಬಾಯಿಪಾಠ ಇರುವುದರಿಂದ ಕೇಳದಿದ್ದರೂ ಕೇಳಿದ ಹಾಗೆ ಆಗುತ್ತದೆ. ಅವರು ಸ, ಶ, ಚ, ತ ಇರುವ ಶಬ್ದಗಳಲ್ಲಿ ತಡವರಿಸಿದರೆ ಬಾಸ್ ಇನ್ನೂ ಇಳಿಸಿ, ಆಮೇಲೆ ಬೇಕಾದರೆ ಮಾತ್ರ ಟ್ರೆಬಲ್ ಮುಟ್ಟಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳ ನಿರ್ಬಂಧ ಇದೆ. ಕೆಲವು ಹಬ್ಬದ ದಿನಗಳಿಗೆ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಪೊಲೀಸ್ ಠಾಣೆಯಲ್ಲಿ ಮುಂಚೆಯೇ ಕೇಳಿ, ಆಟದ ಹೊತ್ತು ಅದಕ್ಕೆ ಹೊಂದಿಸಿಕೊಳ್ಳಿ. ಬಾಕ್ಸ್ ಜಾಗ ಬದಲಿಸಿದ ಮೇಲೆ ಒಂದು ಸಲ ಹಳೆಯ ಮೈಕುಗಳನ್ನೇ ಸ್ಟ್ಯಾಂಡಿಗೆ ಹಾಕಿ ಆಡಿಸಿ ನೋಡಿ, ಎಷ್ಟು ಸುಧಾರಿಸಿತು ಅಂತ ಬರೆಯಿರಿ. ಅದನ್ನು ನೋಡಿಕೊಂಡು ಎರಡು ಹೊಸ ಮೈಕ್ ಬೇಕಾ, ಒಂದೇ ಸಾಕಾ ಅಂತ ತೀರ್ಮಾನಿಸೋಣ.